ಹಾಲು ಬಿಟ್ಟ ಮಗಳು, ಡೈರಿಗೆ ಹಾಲು ಹಾಕುವ ಅಮ್ಮ

“ಮಗಳು ಊಟ ಬಿಟ್ಟಿದ್ದಾಳೆ ಮೇಡಂ, ನೀವಾದ್ರೂ ಬುದ್ಧಿ ಹೇಳಿ.” ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ. ಕೋಲಾರದಲ್ಲಿ ಆಪ್ತಸಲಹೆಗೆ ಕೂರುವವರಿಗೆ ಇಂಥ ಫೋನು ಹೊಸದಲ್ಲ. ಹೆಚ್ಚಿನ ಸಲ ಅದರ ಹಿಂದೆ ಪರೀಕ್ಷೆ ಇರುತ್ತದೆ, ಇಲ್ಲವೇ ಒಬ್ಬ ಹುಡುಗ ಇರುತ್ತಾನೆ. ಈ ಸಲ ಇದ್ದದ್ದು ಹಾಲು.

ಹುಡುಗಿಯನ್ನು ಚೈತ್ರ ಅಂತ ಕರೆಯೋಣ. ಹೆಸರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆಯೂ ಇದೆ, ಅವಳ ಅಮ್ಮನ ಒಪ್ಪಿಗೆಯೂ ಇದೆ. ವಯಸ್ಸು ಇಪ್ಪತ್ಮೂರು. ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಕೆಲಸ. ದಿನಾ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮನೆಯವರು ತಲೆತಲಾಂತರದಿಂದ ಸಸ್ಯಾಹಾರಿಗಳು. ಸ್ವಲ್ಪ ಹೊಲ, ಕೊಟ್ಟಿಗೆಯಲ್ಲಿ ನಾಲ್ಕು ಸೀಮೆಹಸು. ನಮ್ಮ ಜಿಲ್ಲೆಯಲ್ಲಿ ಮಳೆ ನಂಬಿ ಬದುಕಲಾಗದ ಎಷ್ಟೋ ಮನೆಗಳ ಕಥೆ ಇದೇ. ಕೊಳವೆಬಾವಿ ಕೈ ಕೊಟ್ಟರೂ ಹಾಲಿನ ಬಟವಾಡೆ ಕೈ ಬಿಡುವುದಿಲ್ಲ.

ಮೊದಲ ದಿನ ಅವಳೊಬ್ಬಳನ್ನೇ ಒಳಗೆ ಕೂರಿಸಿದೆ. ಅಪ್ಪನಿಗೆ ಅದು ಇಷ್ಟವಾಗಲಿಲ್ಲ. ಯಾಕೆ ಬಿಟ್ಟೆ, ಏನು ಬಿಟ್ಟೆ ಅಂತ ನಾನು ಕೇಳಲಿಲ್ಲ. ನಿನ್ನೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಾಯಿಗೆ ಹೋದದ್ದನ್ನೆಲ್ಲಾ ಹೇಳು ಅಂದೆ. ಬೆಳಿಗ್ಗೆ ಕ್ಯಾಂಟೀನಿನಲ್ಲಿ ಚಿತ್ರಾನ್ನ. ಮಧ್ಯಾಹ್ನ ಅನ್ನ, ತಿಳಿಸಾರು. ಪಲ್ಯಕ್ಕೆ ಏನು ಹಾಕಿದ್ದಾರೋ ಗೊತ್ತಿಲ್ಲ ಅಂತ ಮುಟ್ಟಿಲ್ಲ. ರಾತ್ರಿ ಎರಡು ಬಾಳೆಹಣ್ಣು, ಒಂದು ಹಿಡಿ ಕಡ್ಲೆಪುರಿ. ಮನೆಯಲ್ಲಿ ಬಿಸಿ ಮುದ್ದೆ, ಹುರುಳಿಕಾಳು ಸಾರು ಇತ್ತು. ಅದರಲ್ಲಿ ಹಾಲಿನ ಸೋಂಕೇ ಇಲ್ಲವಲ್ಲ, ಯಾಕೆ ಉಣ್ಣಲಿಲ್ಲ?

“ಅಮ್ಮ ಸಾರಿಗೆ ತುಪ್ಪ ಹಾಕ್ತಾ ಇದ್ರು ಮೇಡಂ. ನನಗೆ ಹೇಳದೆ. ಕೇಳಿದ್ರೆ ಇಲ್ಲ ಅಂದ್ರು. ಆಮೇಲೆ ನಾನೇ ನೋಡಿದೆ.”

ಗಂಟು ಇದ್ದದ್ದು ಇಲ್ಲಿ. ಹಾಲು ಬಿಟ್ಟು ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳಲ್ಲಿ ಹೆಚ್ಚು ಕಾಲ ಅವಳು ಮನೆಯಲ್ಲಿ ಹೊಟ್ಟೆ ತುಂಬಾ ಉಂಡಿದ್ದಳು. ಊಟ ನಿಂತದ್ದು ತುಪ್ಪ ಸಿಕ್ಕಿಬಿದ್ದ ಮೇಲೆ. ಅಪ್ಪ ಫೋನಿನಲ್ಲಿ ಈ ಎರಡನ್ನೂ ಒಂದು ಮಾಡಿ ಹೇಳಿದ್ದರು.

ಆದರೂ ಒಂದು ಪರಿಶೀಲನೆಯನ್ನು ಬಿಡುವಂತಿರಲಿಲ್ಲ. ಆ ವಯಸ್ಸಿನ ಹುಡುಗಿ ಒಂದೊಂದೇ ಆಹಾರ ಬಿಡುತ್ತಾ ಐದಾರು ಕೆಜಿ ಇಳಿದಿದ್ದಾಳೆ ಅಂದರೆ, ಸಿದ್ಧಾಂತದ ಮರೆಯಲ್ಲಿ ತಿನ್ನುವುದರ ಕಾಯಿಲೆ ಕೂತಿದೆಯೇ ಅಂತ ನೋಡಲೇಬೇಕು. ಮೈ ದಪ್ಪ ಆದೀತು ಅನ್ನೋ ಹೆದರಿಕೆ ಇದೆಯಾ, ದಿನಾ ತೂಕ ನೋಡಿಕೊಳ್ತೀಯಾ, ತಿಂದ ಮೇಲೆ ತಪ್ಪು ಮಾಡಿದ ಹಾಗೆ ಅನಿಸುತ್ತಾ, ಮುಟ್ಟು ಸರಿಯಾಗಿದೆಯಾ ಅಂತ ಕೇಳಿದೆ. ಮುಟ್ಟು ಒಂದು ಸಲ ತಡವಾಗಿತ್ತು. ಉಳಿದ ಯಾವುದೂ ಇರಲಿಲ್ಲ. ಬಟ್ಟೆ ಸಡಿಲ ಆಗಿರೋದು ಅವಳಿಗೇ ಬೇಜಾರು. ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೂ ಗಮನಿಸಿ: ಬಿಡುವ ಪದಾರ್ಥಗಳ ಪಟ್ಟಿ ವಾರವಾರಕ್ಕೂ ಉದ್ದವಾಗುತ್ತಿದೆ, ಯಾರ ಜೊತೆಯೂ ಕೂತು ತಿನ್ನುತ್ತಿಲ್ಲ, ತೂಕ ಇಳಿದದ್ದಕ್ಕೆ ಒಳಗೊಳಗೇ ಖುಷಿ ಇದೆ ಅಂತ ಕಂಡರೆ ಅದು ವೀಗನ್ (ಹಾಲು, ತುಪ್ಪ ಸೇರಿ ಪ್ರಾಣಿಗಳಿಂದ ಬರುವ ಯಾವುದನ್ನೂ ಬಳಸದವರ) ವಿಷಯ ಅಲ್ಲ. ಮನೋವೈದ್ಯರ ಹತ್ತಿರ ಹೋಗಬೇಕಾದ ವಿಷಯ.

ಹಾಲು ಬಿಡಲು ಕಾರಣ ಮೊಬೈಲ್ ವಿಡಿಯೋ ಅಂತ ಮನೆಯವರು ನಂಬಿದ್ದರು. ಅವಳು ಹೇಳಿದ್ದು ಬೇರೆ. ಮನೆಯ ಹಸು ಗಂಡುಗರು ಹಾಕಿತ್ತು. ಸೀಮೆತಳಿಯ ಗಂಡುಗರು ಉಳುಮೆಗೆ ಬರುವುದಿಲ್ಲ, ಹೆಗಲಿಗೆ ನೊಗ ನಿಲ್ಲುವುದಿಲ್ಲ. ಉಳುಮೆಯೂ ಟ್ರ್ಯಾಕ್ಟರಿನದೇ ಆಗಿದೆ. ಕರು ಕುಡಿದಷ್ಟೂ ಡೈರಿ ಕ್ಯಾನಿಗೆ ಹಾಲು ಕಡಿಮೆ. ಕೆಲವೇ ದಿನಗಳಲ್ಲಿ ಯಾರೋ ಬಂದು ಕರು ಹಿಡಿದುಕೊಂಡು ಹೋದರು. ತಾಯಿ ಹಸು ರಾತ್ರಿಯೆಲ್ಲಾ ಕೂಗಿತು. “ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ್ದೆ ಮೇಡಂ. ಆ ಸಲ ಮಾತ್ರ ಮಲಗೋಕೆ ಆಗ್ಲಿಲ್ಲ.” ಬೆಳಿಗ್ಗೆ ಕಾಫಿ ಬೇಡ ಅಂದಳು. ವಿಡಿಯೋ, ಪುಸ್ತಕ ಎಲ್ಲಾ ಆಮೇಲೆ ಬಂದದ್ದು.

ಇಷ್ಟರಲ್ಲೇ ಮನೆ ಹೇಗೋ ಹೊಂದಿಕೊಂಡಿತ್ತು. ಮಗಳಿಗೆ ಮಜ್ಜಿಗೆ ಇಲ್ಲ, ಅಷ್ಟೇ. ಕೆಟ್ಟದ್ದು ಅಜ್ಜಿ ತೀರಿಕೊಂಡಾಗ. ಮೂರನೇ ದಿನ ಹಾಲುತುಪ್ಪ. ಗುದ್ದದ ಮೇಲೆ ಮನೆಯವರೆಲ್ಲಾ ಒಬ್ಬೊಬ್ಬರಾಗಿ ಹಾಲು, ತುಪ್ಪ ಬಿಡುತ್ತಿದ್ದಾರೆ. ಚೈತ್ರಳ ಸರದಿ ಬಂತು, ಅವಳು ಕೈ ಚಾಚಲಿಲ್ಲ. “ನನ್ನ ಕೈಲಾಗಲ್ಲ” ಅಂದಳಂತೆ. ನೆಂಟರ ಮುಂದೆ ಚಿಕ್ಕಪ್ಪ ಕೂಗಾಡಿದರು. ಸಾಕಿದ ಅಜ್ಜಿಗೆ ಒಂದು ತೊಟ್ಟು ಹಾಲು ಬಿಡಲಾಗದವಳು ಅಂತ ಮಾತು ಬಂತು. ಅವಳೂ ಸುಮ್ಮನಿರಲಿಲ್ಲ. ಈ ಮನೆ ನಡೆಯೋದೇ ಕರುಗಳ ಬಾಯಿಂದ ಕಿತ್ತುಕೊಂಡ ದುಡ್ಡಲ್ಲಿ, ನನಗೆ ಆ ದುಡ್ಡು ಬೇಡ ಅಂದುಬಿಟ್ಟಳು. ಅಮ್ಮ ಅಲ್ಲೇ ನಿಂತಿದ್ದರು.

ಅಜ್ಜಿಯ ಬಗ್ಗೆ ಮಾತು ಬಂದಾಗ ಚೈತ್ರ ಬಹಳ ಹೊತ್ತು ಅತ್ತಳು. ಅಜ್ಜಿ ಸತ್ತ ದುಃಖವನ್ನು ಯಾರ ಮುಂದೆಯೂ ಅತ್ತು ಮುಗಿಸಲು ಅವಳಿಗೆ ಅವಕಾಶವೇ ಸಿಕ್ಕಿರಲಿಲ್ಲ. ಅಳುವ ಹಕ್ಕೂ ಇಲ್ಲದವಳ ಹಾಗೆ ನೋಡುತ್ತಿದ್ದರಂತೆ. ಹಸಿವು ಸತ್ತದ್ದರಲ್ಲಿ ಇದರ ಪಾಲೂ ಇದೆ. ಹಾಗಾಗಿ ಮೊದಲ ಕೆಲವು ಭೇಟಿಗಳಲ್ಲಿ ನಾವು ಹಾಲಿನ ಬಗ್ಗೆ ಮಾತಾಡಿದ್ದೇ ಕಡಿಮೆ. ಅಜ್ಜಿಯ ಬಗ್ಗೆ ಮಾತಾಡಿದೆವು.

ಜೊತೆಗೆ ಒಬ್ಬ ಫಿಜಿಷಿಯನ್ ಹತ್ತಿರ ಕಳಿಸಿದೆ. ಏನು ತಿನ್ನಬೇಕು, ಯಾವ ಮಾತ್ರೆ ಅಂತ ಹೇಳುವುದು ನನ್ನ ಕೆಲಸವಲ್ಲ. ಆದರೆ ರಕ್ತ ಪರೀಕ್ಷೆ ಇಲ್ಲದೆ ಇಂಥ ಪ್ರಕರಣದಲ್ಲಿ ಬರೀ ಮಾತಾಡುತ್ತಾ ಕೂರುವುದೂ ಸರಿಯಲ್ಲ. ಸುಸ್ತು, ಮರೆವು, ಮಂಕು, ಕೈಕಾಲು ಜೋಮು ಇವೆಲ್ಲಾ ಮನಸ್ಸಿನದೇ ಇರಬೇಕಂತಿಲ್ಲ. ವಿಟಮಿನ್ ಬಿ12 ಕಡಿಮೆಯಾದರೂ ಹೀಗೇ ಆಗುತ್ತದೆ.

ವರದಿ ಬಂತು. ಹಿಮೋಗ್ಲೋಬಿನ್ ಕಡಿಮೆ, ಬಿ12 ಇನ್ನೂ ಕಡಿಮೆ. ಅಪ್ಪನಿಗೆ ಗೆದ್ದ ಹಾಗಾಯಿತು. “ನೋಡಿದ್ರಾ ಮೇಡಂ, ಹಾಲು ಬಿಟ್ಟಿದ್ದಕ್ಕೆ!” ವೈದ್ಯರು ನಕ್ಕು, ಅಮ್ಮನಿಗೂ ಒಂದು ಪರೀಕ್ಷೆ ಮಾಡಿಸಿ ಅಂದರು. ಅಮ್ಮನಿಗೂ ಕೈಬೆರಳು ಜೋಮು ಹಿಡಿಯುತ್ತಿತ್ತು, ಹಾಲು ಕರೆದು ಕರೆದು ಹೀಗಾಗಿದೆ ಅಂತ ಅವರು ಸುಮ್ಮನಿದ್ದರು. ಅಮ್ಮನ ಬಿ12 ಕೂಡ ಬೇಕಾದ್ದಕ್ಕಿಂತ ಕೆಳಗೇ ಇತ್ತು. ನಾಲ್ಕು ಹಸು ಕಟ್ಟಿದ ಮನೆಯ ಯಜಮಾನಿಗೆ!

ಇದರಲ್ಲಿ ಆಶ್ಚರ್ಯ ಏನಿಲ್ಲ. ಬಿ12 ಗಿಡಮರಗಳಿಂದ ನಂಬಿಕೊಳ್ಳುವಷ್ಟು ಸಿಗುವುದಿಲ್ಲ. ಸಸ್ಯಾಹಾರಿಗಳಿಗೆ ಅದು ಬರುವುದು ಹೆಚ್ಚಾಗಿ ಹಾಲು ಮೊಸರಿನಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ 2.2 ಮೈಕ್ರೋಗ್ರಾಂ ಬೇಕು. ಒಂದು ದೊಡ್ಡ ಲೋಟ ಹಸುವಿನ ಹಾಲಿನಲ್ಲಿ ಇರುವುದು ಹೆಚ್ಚೂಕಮ್ಮಿ ಒಂದು ಮೈಕ್ರೋಗ್ರಾಂ. ಅಮ್ಮ ದಿನಕ್ಕೆ ಎಷ್ಟು ಹಾಲು ಕುಡಿಯುತ್ತೀರಿ ಅಂತ ಕೇಳಿದೆ. “ಕಾಫಿಗೆ ಹಾಕ್ಕೊಳ್ಳೋದು ಅಷ್ಟೇ, ಅದೂ ಲೋಟಕ್ಕೆ ಎರಡು ಚಮಚ. ಉಳಿದಿದ್ದು ಡೈರಿಗೆ.” ಡೈರಿಗೆ ಹಾಲು ಹಾಕುವ ಎಷ್ಟೋ ಮನೆಗಳಲ್ಲಿ ಹೀಗೇ. ಲೀಟರು ಲೆಕ್ಕದಲ್ಲಿ ಕರೆದು, ಫ್ಯಾಟು ಕಡಿಮೆ ಬಂದರೆ ಬೈಸಿಕೊಂಡು, ತಾವು ಕುಡಿಯುವುದು ಬಣ್ಣಕ್ಕಷ್ಟೇ ಹಾಲಿರುವ ಕಾಫಿ. ಚೈತ್ರಳ ಕೊರತೆಯೂ ಎಂಟು ತಿಂಗಳದ್ದಾಗಿರಲಾರದು ಅಂತ ವೈದ್ಯರು ಹೇಳಿದರು. ಬಿ12 ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ಸಂಗ್ರಹ ಇರುತ್ತದೆ. ಅಂದರೆ ಅವಳು ಹಾಲು ಕುಡಿಯುತ್ತಿದ್ದ ಕಾಲದಲ್ಲೇ ಉಗ್ರಾಣ ಖಾಲಿಯಾಗುತ್ತಾ ಬಂದಿತ್ತು.

ಈ ಒಂದು ಕಾಗದ ನನ್ನ ಹತ್ತು ಮಾತಿಗಿಂತ ಜಾಸ್ತಿ ಕೆಲಸ ಮಾಡಿತು. ತಾಯಿ ಮಗಳು ಇಬ್ಬರಿಗೂ ಒಂದೇ ಮಾತ್ರೆ ಬರೆದರು.

ಅಲ್ಲೂ ಒಂದು ತೊಡಕು. ಕಬ್ಬಿಣಕ್ಕೆ ಕೊಟ್ಟ ಕ್ಯಾಪ್ಸೂಲನ್ನು ಚೈತ್ರ ನುಂಗಲಿಲ್ಲ. ಅದರ ಹೊರಕವಚ ಜೆಲಟಿನ್, ಪ್ರಾಣಿಯ ಮೂಳೆ ಚರ್ಮದಿಂದ ಮಾಡಿದ್ದು. ಬೇರೊಂದು ಮಾತ್ರೆಯಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಇದೆ ಅಂತ ಅದನ್ನೂ ಬಿಟ್ಟಳು. ಬಿಸ್ಕತ್ತು, ಬ್ರೆಡ್ಡು, ಕ್ಯಾಂಟೀನಿನ ಸೌಟು, ಎಲ್ಲದರ ಮೇಲೂ ಅನುಮಾನ. ಹಸಿರು ಚುಕ್ಕೆ ನೋಡಿ ಕೊಳ್ಳುವಂತಿಲ್ಲ, ಯಾಕೆಂದರೆ ಅದು ಹಾಲು ಇರುವ ಪದಾರ್ಥಕ್ಕೂ ಇರುತ್ತದೆ. ವೀಗನ್ ಆಹಾರಕ್ಕೆ ಬೇರೆ ನಿಯಮ, ಬೇರೆ ಗುರುತು 2022ರಲ್ಲಿ ಬಂದಿದೆ. ಆದರೆ ನಮ್ಮ ಹಳ್ಳಿಯ ಅಂಗಡಿಯಲ್ಲಿ ಆ ಗುರುತನ್ನು ಹುಡುಕಿಕೊಂಡು ನಿಂತರೆ ಬಸ್ಸು ತಪ್ಪುತ್ತದೆ.

ಅವಳಿಗೆ ನಾನು ಕೇಳಿದ್ದು ಒಂದೇ. ಈ ವೀಗನ್ ಅನ್ನೋದನ್ನು ಶುರು ಮಾಡಿದವರು ಏನು ಹೇಳಿದ್ದಾರೆ ಅಂತ ಓದಿದ್ದೀಯಾ? ಇಂಗ್ಲೆಂಡಿನಲ್ಲಿ 1944ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಕೆಲವರು ಸೇರಿ ಕಟ್ಟಿದ ವೀಗನ್ ಸೊಸೈಟಿ ಇವತ್ತು ಕೊಡುವ ವಿವರಣೆಯಲ್ಲೇ ‘ಸಾಧ್ಯವಾದಷ್ಟು, ಕಾರ್ಯಸಾಧುವಾದಷ್ಟು’ ಎಂಬ ಮಾತಿದೆ. ಪ್ರಾಣಿಗಳಿಗೆ ಹಿಂಸೆ ಕಡಿಮೆ ಮಾಡುವುದು ಉದ್ದೇಶ. ಮಡಿ ಕಾಯುವುದಲ್ಲ. ರಕ್ತ ಇಲ್ಲದೆ ಬಿಳಿಚಿಕೊಂಡು ಕ್ಯಾಪ್ಸೂಲ್ ಎಸೆದರೆ ಯಾವ ಕರುವಿಗೂ ಒಂದು ಗುಟುಕು ಹಾಲು ಹೆಚ್ಚಿಗೆ ಸಿಗುವುದಿಲ್ಲ, ಅಲ್ವಾ? ಅವಳು ಮೊದಲು ಸಿಟ್ಟಾದಳು. ಮುಂದಿನ ವಾರ ತಾನೇ ಔಷಧಿ ಅಂಗಡಿಯಲ್ಲಿ ಕೇಳಿ, ವೈದ್ಯರಿಗೆ ತೋರಿಸಿ, ಕ್ಯಾಪ್ಸೂಲಿನ ಬದಲು ಬೇರೆ ಕಂಪನಿಯ ಮಾತ್ರೆ ತಂದುಕೊಂಡಿದ್ದಳು. ಲ್ಯಾಕ್ಟೋಸಿನ ವಿಷಯ ಕೈಬಿಟ್ಟಳು.

ಇನ್ನು ತಾಯಿ ಮಗಳನ್ನು ಒಟ್ಟಿಗೆ ಕೂರಿಸಿದ ದಿನ. ಅಪ್ಪನನ್ನು ಬೇಕೆಂದೇ ಹೊರಗೆ ಇಟ್ಟೆ.

“ನಾನೇನು ವಿಷ ಹಾಕಿದ್ನಾ ಮೇಡಂ? ಒಂದು ಚಮಚ ತುಪ್ಪ. ಸೊರಗಿ ಹೋಗಿದ್ಲು, ನೋಡೋಕಾಗ್ಲಿಲ್ಲ.”

“ತುಪ್ಪ ಅಲ್ಲಮ್ಮ. ಹಾಕಿದ್ಯಾ ಅಂತ ಕೇಳಿದಾಗ ಇಲ್ಲ ಅಂದ್ಯಲ್ಲ, ಅದು.”

ಅಮ್ಮ ಸ್ವಲ್ಪ ಹೊತ್ತು ಸೆರಗಿನ ಅಂಚು ಸುತ್ತುತ್ತಾ ಕೂತರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. “ನಾಲ್ಕೂವರೆಗೆ ಎದ್ದು, ಸಗಣಿ ಬಾಚಿ, ಹಾಲು ಕರೆದು, ಡೈರಿ ಮುಂದೆ ಕ್ಯಾನು ಹಿಡ್ಕೊಂಡು ನಿಂತೋಳು ನಾನು. ಮೈಗೆ ಹುಷಾರಿಲ್ಲ ಅಂತ ಒಂದು ದಿನ ಮಲಗಿಲ್ಲ. ಅದೆಲ್ಲಾ ಪಾಪದ ದುಡ್ಡು ಅಂದ್ರೆ ಇಷ್ಟು ವರ್ಷ ನಾನು ಮಾಡಿದ್ದೇನು?”

ಈ ಮಾತಿಗಾಗಿಯೇ ನಾನು ಕಾಯುತ್ತಿದ್ದೆ. ಮಗಳು ತಟ್ಟೆಯ ಬಗ್ಗೆ ಮಾತಾಡುತ್ತಿದ್ದಳು, ಅಮ್ಮನಿಗೆ ಕೇಳಿಸುತ್ತಿದ್ದುದು ತನ್ನ ಬದುಕಿನ ಮೇಲಿನ ತೀರ್ಪು. ಸಸ್ಯಾಹಾರಿ ಮನೆಯ ಮಗ ಮಾಂಸ ತಿಂದರೆ ಆಗುವ ಜಗಳವೇ ಬೇರೆ, ಇದೇ ಬೇರೆ. ಇಲ್ಲಿ ಮಗಳು ಮನೆಯ ನಿಯಮ ಮುರಿಯಲಿಲ್ಲ, ಮನೆಯ ನಿಯಮವನ್ನೇ ಇನ್ನೂ ಮುಂದಕ್ಕೆ ಎಳೆದಳು. ಹಿಂಸೆ ಬೇಡ ಅಂತ ಅವಳಿಗೆ ಕಲಿಸಿದವರೇ ಇವರು. ಇರುವೆ ಸಾಲಿಗೆ ಸಕ್ಕರೆ ಹಾಕುತ್ತಿದ್ದ ಅಜ್ಜಿ. ಈಗ ಅದೇ ಪಾಠ ಹಿಂದಕ್ಕೆ ತಿರುಗಿ ಅವರನ್ನೇ ಕೇಳುತ್ತಿದೆ. ಅದಕ್ಕೇ ನೋವು ಜಾಸ್ತಿ.

ಚೈತ್ರಳಿಗೆ ಕೊಟ್ಟ ಸಲಹೆ ಇದು. ನಿನ್ನ ತಟ್ಟೆ ನಿನ್ನದು, ಅದರಲ್ಲಿ ಯಾರೂ ಕೈ ಹಾಕಬಾರದು. ಹಸು ಸಾಕುವುದು ತಪ್ಪು ಅನ್ನುವ ಅಭಿಪ್ರಾಯವೂ ಇರಲಿ, ಬಿಡು ಅಂತ ನಾನು ಹೇಳುವುದಿಲ್ಲ. ಆದರೆ ಊಟಕ್ಕೆ ಕೂತಾಗ ಆ ಮಾತು ಬೇಡ, ಮನೆಯ ವಾಟ್ಸ್ಆ್ಯಪ್ ಗುಂಪಿಗೆ ವಿಡಿಯೋ ಬೇಡ. ಅಮ್ಮನ ಕೊಟ್ಟಿಗೆಯ ಬಗ್ಗೆ ಮಾತಾಡಬೇಕು ಅನಿಸಿದರೆ ಮೊದಲು ಆ ಕೊಟ್ಟಿಗೆಯ ಲೆಕ್ಕ ಕೇಳು. ಹಿಂಡಿ, ಬೂಸಾ ಎಷ್ಟಾಗುತ್ತದೆ, ಲೀಟರಿಗೆ ಎಷ್ಟು ಸಿಗುತ್ತದೆ, ಸರ್ಕಾರದ ಪ್ರೋತ್ಸಾಹಧನ ಯಾವಾಗ ಖಾತೆಗೆ ಬೀಳುತ್ತದೆ, ಹಸು ಬತ್ತಿದ ತಿಂಗಳುಗಳಲ್ಲಿ ಮನೆ ಹೇಗೆ ನಡೆಯುತ್ತದೆ. ಅಮ್ಮ ಬೇರೆ ಏನು ಮಾಡಬಹುದಿತ್ತು ಅಂತ ತಿಳಿದ ಮೇಲೆ ಮಾತಾಡು.

ಒಂದು ಮಾತನ್ನು ಮಾತ್ರ ನಾನು ಬೇಕೆಂದೇ ಆಡಲಿಲ್ಲ. “ನಿನ್ನ ಕಾಲೇಜ್ ಫೀಸು ಕಟ್ಟಿದ್ದು ಹಾಲಿನ ದುಡ್ಡಲ್ಲೇ” ಅಂತ. ಅಪ್ಪ ನನ್ನ ಬಾಯಿಂದ ಅದನ್ನು ಹೇಳಿಸಬೇಕು ಅಂತಿದ್ದರು. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಋಣದ ಮಾತು ತೆಗೆದು ಮಕ್ಕಳ ಬಾಯಿ ಮುಚ್ಚಿಸಬಹುದು, ಊಟ ಮಾಡಿಸಲಾಗುವುದಿಲ್ಲ.

ಅಮ್ಮನಿಗೆ ಹೇಳಿದ್ದು ಇನ್ನೂ ಚಿಕ್ಕದು. ಕದ್ದು ಏನೂ ಹಾಕಬೇಡಿ. ಮಗಳಿಗೆ ಕೈಯಡುಗೆಯ ಮೇಲೆ ನಂಬಿಕೆ ಬರುವವರೆಗೆ ಅವಳೇ ಬಡಿಸಿಕೊಳ್ಳಲಿ. ಒಗ್ಗರಣೆ ಎಣ್ಣೆಯಲ್ಲೇ ಹಾಕಿ, ತುಪ್ಪ ಬೇಕಾದವರು ತಟ್ಟೆಗೆ ಹಾಕಿಕೊಳ್ಳಲಿ. ಇದರಿಂದ ಎರಡು ಅಡುಗೆಯ ಕಷ್ಟವೂ ತಪ್ಪುತ್ತದೆ. ನಿಜ ಹೇಳಬೇಕೆಂದರೆ ನಮ್ಮ ಕಡೆಯ ಊಟದಲ್ಲಿ ವೀಗನ್ ಆಗಲು ಹೊಸದಾಗಿ ಕಲಿಯಬೇಕಾದ್ದು ಕಡಿಮೆ. ಮುದ್ದೆ, ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಅವರೆ ಕಾಲದಲ್ಲಿ ಹಿತಕಿದ ಬೇಳೆ, ಹುಚ್ಚೆಳ್ಳು ಚಟ್ನಿಪುಡಿ. ಇವುಗಳಲ್ಲಿ ಹಾಲು ಎಲ್ಲಿದೆ? ಪೇಟೆಯ ದುಬಾರಿ ಬಾದಾಮಿ ಹಾಲಿನ ಡಬ್ಬಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಆಹಾರತಜ್ಞೆ ಕೊಟ್ಟ ವಿವರವನ್ನೂ ಇಲ್ಲಿ ಹೇಳಿಬಿಡುತ್ತೇನೆ, ಎಷ್ಟೋ ಮನೆಗೆ ಉಪಯೋಗವಾದೀತು. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಸುವಿನ ಹಾಲಿನಲ್ಲಿ ಸುಮಾರು 120. ರಾಗಿಯದು ಪೂರ್ತಿ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ವಾಸಿ. ಸಿಪ್ಪೆ ತೆಗೆಯದ ಎಳ್ಳು, ಸೊಪ್ಪು ಜೊತೆಗಿರಲಿ. ಕಾಳು ದಿನಾ ಬೇಕು. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ, ಊಟವಾದ ತಕ್ಷಣ ಕಾಫಿ ಟೀ ಕುಡಿದರೆ ಹತ್ತುವುದು ಕಡಿಮೆ. ಬಿ12 ಮಾತ್ರ ರಾಗಿಯಿಂದಲೂ ಬರುವುದಿಲ್ಲ, ಸೊಪ್ಪಿನಿಂದಲೂ ಬರುವುದಿಲ್ಲ. ವೀಗನ್ ಆಗಿ ಇರುವಷ್ಟು ಕಾಲವೂ ಮಾತ್ರೆ ತಗೋಬೇಕು, ಆಗಾಗ ಪರೀಕ್ಷೆ ಮಾಡಿಸಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಅಪ್ಪನ ಜೊತೆ ಹೆಚ್ಚು ಮಾತಾಗಲಿಲ್ಲ. ನೆಂಟರ ಮುಂದೆ ಮಗಳ ಊಟದ ವಿಷಯ ತೆಗೆಯಬೇಡಿ ಅಂದೆ. ಪ್ರಯತ್ನ ಮಾಡ್ತೀನಿ ಅಂದರು. ಚಿಕ್ಕಪ್ಪನನ್ನು ಕರೆಸಲು ನಾನು ಹೋಗಲಿಲ್ಲ. ಪ್ರತಿಯೊಂದು ಮನೆಯಲ್ಲೂ ಒಬ್ಬ ಚಿಕ್ಕಪ್ಪ ಇರುತ್ತಾರೆ.

ರೇಷ್ಮೆಯ ಮಾತೂ ಬಂತು. ಸೋದರತ್ತೆಯ ಮನೆ ಶಿಡ್ಲಘಟ್ಟದ ಕಡೆ, ಅವರು ಹುಳು ಮೇಯಿಸುವವರು. ಗೂಡನ್ನು ಹುಳುವಿನ ಸಮೇತ ಬೇಯಿಸಿಯೇ ನೂಲು ತೆಗೆಯುವುದು ಅಂತ ಚೈತ್ರಳಿಗೆ ಚಿಕ್ಕಂದಿನಿಂದ ಗೊತ್ತು. ಹೊಸ ರೇಷ್ಮೆ ಸೀರೆ ಬೇಡ, ಅಜ್ಜಿಯ ಹಳೆಯ ಸೀರೆ ಉಡುತ್ತೇನೆ ಅಂತ ಅವಳೇ ತೀರ್ಮಾನಕ್ಕೆ ಬಂದಳು. ನಾನು ನಡುವೆ ಬಾಯಿ ಹಾಕಲಿಲ್ಲ.

ಅಜ್ಜಿಯ ವರ್ಷದ ಕಾರ್ಯ ಬರುವುದಿತ್ತು. ಮತ್ತೆ ಹಾಲು ಬಿಡುವ ಪ್ರಸಂಗ ಬಂದರೆ ಏನು ಮಾಡುತ್ತೀ ಅಂತ ಮೊದಲೇ ಮಾತಾಡಿದೆವು. ನೆಂಟರೆಲ್ಲಾ ಸೇರಿದ ಮೇಲೆ ಅಲ್ಲ, ಹದಿನೈದು ದಿನ ಮುಂಚೆಯೇ ಅಮ್ಮನಿಗೆ ಹೇಳು ಅಂದೆ. ಅಜ್ಜಿಗೆ ಎಲೆಅಡಿಕೆ ಅಂದರೆ ಪ್ರಾಣವಂತೆ. ಗುದ್ದದ ಮೇಲೆ ಎಲೆಅಡಿಕೆ, ಹೂವು ಇಡುವುದು ಚೈತ್ರ, ಹಾಲು ಬಿಡುವುದು ಉಳಿದವರು ಅಂತ ಅಮ್ಮನೇ ದಾರಿ ಹುಡುಕಿದರು. ಕಾರ್ಯ ಗಲಾಟೆ ಇಲ್ಲದೆ ಮುಗಿಯಿತು. ಚಿಕ್ಕಪ್ಪ ಒಂದು ಮಾತು ಆಡಿದರಂತೆ, ಯಾರೂ ಉತ್ತರ ಕೊಡಲಿಲ್ಲವಂತೆ.

ಈಗ ಚೈತ್ರ ಮನೆಯಲ್ಲೇ ಉಣ್ಣುತ್ತಾಳೆ. ತೂಕ ಮುಕ್ಕಾಲು ಪಾಲು ವಾಪಸ್ ಬಂದಿದೆ. ಭಾನುವಾರ ಅವಳೇ ಅಡುಗೆ. ಕಡ್ಲೆಕಾಯಿ ಬೀಜ ನೆನೆಸಿ ರುಬ್ಬಿ ಮಜ್ಜಿಗೆ ಥರ ಏನೋ ಮಾಡುತ್ತಾಳಂತೆ. ಅಪ್ಪ ಒಂದು ಲೋಟ ಕುಡಿದು, “ಪರವಾಗಿಲ್ಲ, ಇನ್ನೊಂದ್ಸಲ ಮಾಡೋದು ಬೇಡ” ಅಂದಿದ್ದಾರೆ. ಅಮ್ಮನ ಬೆರಳಿನ ಜೋಮು ಕಡಿಮೆಯಾಗಿದೆ, ಮಾತ್ರೆ ಮರೆತರೆ ಮಗಳ ಬೈಗುಳ. ಕೊಟ್ಟಿಗೆಯಲ್ಲಿ ಹಸು ನಾಲ್ಕೂ ಇವೆ. ಅದರಲ್ಲೊಂದು ಗಬ್ಬ. ಗಂಡುಗರು ಹುಟ್ಟಿದರೆ ಏನು ಮಾಡುವುದು ಅಂತ ತಾಯಿ ಮಗಳು ಇನ್ನೂ ಒಪ್ಪಿಲ್ಲ. ಸಾಕೋಣ ಅಂತಾಳೆ ಮಗಳು, ಮೇವಿಗೆ ನಿನ್ನ ಸಂಬಳದಲ್ಲಿ ಕೊಡು ಅಂತಾರೆ ಅಮ್ಮ. ಈ ಜಗಳ ಬಗೆಹರಿಸಿ ಅಂತ ನನ್ನನ್ನು ಯಾರೂ ಕೇಳಿಲ್ಲ. ಇಬ್ಬರೂ ಲೆಕ್ಕ ಹಾಕುತ್ತಾ ಜಗಳ ಆಡುತ್ತಿದ್ದಾರೆ, ಆಡಲಿ.

ಮೊನ್ನೆ ಅಪ್ಪ ಮತ್ತೆ ಫೋನ್ ಮಾಡಿದ್ದರು. ಮಗಳಿಗೆ ಗಂಡು ನೋಡುತ್ತಿದ್ದಾರಂತೆ. ಒಳ್ಳೆ ಸಂಬಂಧ, ಅವರದೂ ಡೈರಿಗೆ ಹಾಲು ಹಾಕುವ ಮನೆ. ಹಾಲು ಬಿಟ್ಟಿರುವ ವಿಷಯ ಮದುವೆ ಆದ ಮೇಲೆ ನಿಧಾನಕ್ಕೆ ಹೇಳಿದರೆ ಆಗಲ್ವಾ ಅಂತ ಕೇಳಿದರು. ಆಗಲ್ಲ ಅಂದೆ. ಜಾತಕ ಕೊಡುವ ಮುಂಚೆಯೇ ಹೇಳಿ, ಹೇಳುವುದನ್ನು ಚೈತ್ರಳಿಗೇ ಬಿಡಿ, ಹುಡುಗನ ಅಮ್ಮನಿಗೂ ಅವಳೇ ಹೇಳಲಿ ಅಂದೆ.